ಗೋಡೆ ಮಾತಾಡಿದ ದಿನ

ಶಿಳ್ಳೆ ಕೇಳಿದಾಗ ಅವಳು ಇನ್ನೂ ಗೋಲಿನ ಮುಂದಿನ ಮಣ್ಣಿನಲ್ಲೇ ಬಿದ್ದಿದ್ದಳು. ಚೆಂಡನ್ನು ಎದೆಗೆ ಅವಚಿಕೊಂಡಿದ್ದಳು.

ತಲೆ ಎತ್ತಿ ನೋಡಿದರೆ, ರೆಫರಿಯ ಕೈ ಪೆನಾಲ್ಟಿ ಚುಕ್ಕೆಯತ್ತ ಚಾಚಿತ್ತು.

ಪೆನಾಲ್ಟಿ...?

ತಾನು ಮೊದಲು ಮುಟ್ಟಿದ್ದು ಚೆಂಡನ್ನು. ಎದುರಾಳಿ ಹುಡುಗಿ ತನ್ನ ತೋಳಿಗೆ ಎಡವಿ ಬಿದ್ದದ್ದು ಆಮೇಲೆ. ಅದು ಅವಳಿಗೆ ಗೊತ್ತಿತ್ತು, ಬಿದ್ದ ಹುಡುಗಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಶಿಳ್ಳೆ ಊದಿದವನಿಗೆ ಮಾತ್ರ.

"ರೀ ಸ್ವಾಮಿ, ಕಣ್ಣು ಮನೇಲೇ ಬಿಟ್ಟು ಬಂದ್ರಾ?" ಅವಳ ತಂಡದ ಕ್ಯಾಪ್ಟನ್ ಓಡಿ ಬಂದು ಅವನ ಎದುರಿಗೆ ನಿಂತಳು.

"ಹಿಂದೆ ಸರೀರಿ. ಇನ್ನೊಂದು ಮಾತಾಡಿದ್ರೆ ಕಾರ್ಡ್ ತೆಗೀತೀನಿ."

"ತೆಗೀರಿ. ಹಾಗೇ ಜೇಬಲ್ಲಿ ಕನ್ನಡಕ ಇದ್ರೆ ಅದನ್ನೂ ತೆಗೀರಿ."

ಹಳದಿ ಕಾರ್ಡು ಹೊರಬಂತು. ಉಳಿದವರೂ ಸುತ್ತುವರಿದು ಕೂಗಾಡಿದರು. ಅವಳೊಬ್ಬಳು ಮಾತ್ರ ಮಾತಾಡಲಿಲ್ಲ. ಎದ್ದಳು, ಗ್ಲೌಸಿನ ಮಣ್ಣು ಕೊಡವಿದಳು, ಒಂದು ಸಲ ಅವನನ್ನು ನೋಡಿದಳು.

ಆ ನೋಟದಲ್ಲಿ ಕೋಪ ಇರಲಿಲ್ಲ. ಬೇಡಿಕೆಯೂ ಇರಲಿಲ್ಲ. ಏನೂ ಇರಲಿಲ್ಲ! ಮುಚ್ಚಿದ ಬಾಗಿಲಿನಂತಹ ಮುಖ. ಬೈಗುಳ ಕೇಳಿ ಕೇಳಿ ದಪ್ಪವಾಗಿದ್ದ ರೆಫರಿಯ ಚರ್ಮಕ್ಕೆ ಆ ಮೌನ ಮಾತ್ರ ಮುಳ್ಳಿನ ಹಾಗೆ ನಾಟಿತು.

ಅವಳು ಗೋಲಿನತ್ತ ನಡೆದು, ಹಿಮ್ಮಡಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದಳು. ಉಸಿರು ಒಳಗೆ ಎಳೆದು, ನಿಧಾನವಾಗಿ ಬಿಟ್ಟಳು. ತಿರುಗಿ ನಿಂತಳು.

ಎದುರಾಳಿ ಒದ್ದಳು. ಅವಳು ಎಡಕ್ಕೆ ಹಾರಿದಳು. ಚೆಂಡು ಅಂಗೈಗೆ ಬಡಿದು, ಕಂಬದ ಆಚೆಗೆ ಹೋಯಿತು.

ಎಲ್ಲರೂ ಕುಣಿದರು. ಅವಳು ಕುಣಿಯಲಿಲ್ಲ. ಆಗಲೇ ಅವಳ ಕಣ್ಣು ಮುಂದಿನ ಚೆಂಡಿನ ಮೇಲಿತ್ತು. ರೆಫರಿಯ ಕಣ್ಣು ಮಾತ್ರ ಅವಳ ಮೇಲೆಯೇ ನಿಂತುಬಿಟ್ಟಿತ್ತು...

* * *

ಅವರದ್ದು ಲಾಂಡ್ರಿಯ ಫುಟ್ಬಾಲ್ ತಂಡ. ಹೋಟೆಲ್ಲು, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಅಲ್ಲಿನ ಹುಡುಗಿಯರು ಕೆಲಸ ಮುಗಿಸಿ ಹಿಂದಿನ ಬಯಲಿನಲ್ಲಿ ಆಡಿ ಆಡಿ ತಂಡ ಕಟ್ಟಿದ್ದರು. "ಬಟ್ಟೆ ಒಗೆಯೋರು ಬಂದ್ರು, ಸೋಪು ಕೊಡ್ರೋ" ಎಂದು ಮೊದಲು ನಕ್ಕವರು ಈಗ ನಗುತ್ತಿರಲಿಲ್ಲ. ಅವರ ಗೋಲಿನೊಳಗೆ ಚೆಂಡು ಹೋಗುವುದೇ ಅಪರೂಪವಾಗಿತ್ತು.

ಅದಕ್ಕೇ ಎಲ್ಲರೂ ಅವಳನ್ನು 'ಗೋಡೆ' ಎಂದೇ ಕರೆಯುತ್ತಿದ್ದರು.

"ಗೋಡೆಗೂ ಕಿವಿ ಇರುತ್ತೆ ಅಂತಾರೆ. ನನ್ನ ಹೊಟ್ಟೇಲಿ ಹುಟ್ಟಿದ ಗೋಡೆಗೆ ಬಾಯಿ ಯಾವಾಗ ಬರುತ್ತೋ" ಎಂದು ಅವಳ ಅಮ್ಮ ಕೊರಗುತ್ತಿದ್ದಳು.

ಹುಟ್ಟಿನಿಂದಲೇ ಅವಳು ಸಂಕೋಚದ ಹುಡುಗಿ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದರೂ ಕೇಳದೆ ಬರುವವಳು. ಅವಳನ್ನು ಗೋಲಿನಲ್ಲಿ ನಿಲ್ಲಿಸಿದವರು ಕೋಚ್ ಮೇಡಂ. ಎದುರಾಳಿಗೆ ಮುಖ ತೋರಿಸಬೇಡ, ಗೋಲು ಹೋದರೆ ಗೆರೆ ಎಳಿ, ಗೆರೆಯ ಆಚೆಯದು ಮುಗಿಯಿತು, ಒಂದು ಉಸಿರು, ಮುಂದಿನ ಚೆಂಡು... ಕಾಲು ಹಾರುವುದನ್ನು ಕಲಿಯುವ ಮೊದಲು ಅವಳ ಮನಸ್ಸು ಇದನ್ನು ಕಲಿತಿತ್ತು.

ಆ ಕಲಿಕೆ ಮೈದಾನದಲ್ಲೇ ಉಳಿಯಲಿಲ್ಲ. ಒಮ್ಮೆ ಲಾಂಡ್ರಿಯಲ್ಲಿ ಹಬೆಯ ಪೈಪು ಸೀಳಿ ಎಲ್ಲರೂ ದಿಕ್ಕಾಪಾಲಾದಾಗ, ಅವಳು ಒಂದು ಉಸಿರು ತೆಗೆದುಕೊಂಡು ಹೋಗಿ ವಾಲ್ವ್ ತಿರುಗಿಸಿ ಬಂದಿದ್ದಳು. ಮತ್ತೆ ಇಸ್ತ್ರಿಯ ಮೇಜಿಗೆ ನಿಂತಿದ್ದಳು, ಏನೂ ಆಗದವಳಂತೆ.

ಲಾಂಡ್ರಿಯ ಯಜಮಾನಿ ಅವತ್ತೇ ತೀರ್ಮಾನಿಸಿದಳು. "ನಮ್ಮ ವ್ಯಾನಿನ ಡ್ರೈವರ್‌ಗೆ ವಯಸ್ಸಾಯ್ತು. ನೀನು ಗಾಡಿ ಕಲಿ. ಕೈ ನಡುಗದವರು ನಂಗೆ ಬೇಕು."

ಡ್ರೈವಿಂಗ್ ಸ್ಕೂಲಿಗೆ ಮೊದಲ ದಿನ ಕ್ಯಾಪ್ಟನ್ ಜೊತೆಗೆ ಬಂದಳು. ಎಲ್ ಬೋರ್ಡಿನ ಕಾರಿನ ಬಾಗಿಲು ತೆಗೆದರೆ... ಪಕ್ಕದ ಸೀಟಿನಲ್ಲಿ ಅವನು! ವಾರವೆಲ್ಲ ಗಾಡಿ ಕಲಿಸಿ, ರಜೆಯ ದಿನ ಶಿಳ್ಳೆ ಹಿಡಿಯುವವನು.

ಕ್ಯಾಪ್ಟನ್ ಅವಳ ಭುಜದ ಮೇಲಿಂದ ಇಣುಕಿದಳು. "ಅಯ್ಯೋ ಶಿವನೇ, ಕಣ್ಣು ಕಾಣದವರ ಹತ್ರ ಗಾಡಿ ಕಲೀಬೇಕಾ?"

ಅವನು ನಕ್ಕುಬಿಟ್ಟ. "ಹಿಂದೆ ಕೂತ್ಕೊಳ್ಳಿ. ನಂಗೆ ಕಾಣದ್ದನ್ನ ನೀವು ಹೇಳಿ."

* * *

ದಿನಗಳು ಕಳೆದಂತೆ ಕ್ಯಾಪ್ಟನ್ ಬರುವುದು ನಿಂತಿತು. ಅವನ ಕಾಲ ಕೆಳಗೊಂದು ಬ್ರೇಕು ಇತ್ತು, ಕಲಿಯುವವರು ತಪ್ಪಿದರೆ ಒತ್ತುವುದಕ್ಕೆ. ಅವಳ ಪಾಠದಲ್ಲಿ ಆ ಕಾಲಿಗೆ ಕೆಲಸ ಕಡಿಮೆಯಾಗುತ್ತ ಬಂತು.

ಒಂದು ಸಂಜೆ ಏರುರಸ್ತೆಯಲ್ಲಿ, ನಡುದಾರಿಯಲ್ಲೇ ಗಾಡಿ ಆಫ್ ಆಯಿತು. ಹಿಂದೆ ಹಾರ್ನುಗಳ ಸುರಿಮಳೆ. ಒಬ್ಬ ಕಿಟಕಿಯಿಂದ ತಲೆ ಹಾಕಿ ಬೈದೂ ಬೈದ. ಇಂಥ ಹೊತ್ತಿನಲ್ಲಿ ಕಲಿಯುವವರು ಅಳುವುದನ್ನು ಅವನು ಕಂಡಿದ್ದ.

ಅವಳು ಹ್ಯಾಂಡ್‌ಬ್ರೇಕ್ ಎಳೆದಳು. ಹಿಮ್ಮಡಿಯನ್ನು ಮ್ಯಾಟಿನ ಮೇಲೆ ಉಜ್ಜಿದಳು. ಒಂದು ಉಸಿರು. ಕೀಲಿ ತಿರುಗಿಸಿದಳು. ಗಾಡಿ ಬೆಣ್ಣೆಯಂತೆ ಏರಿತು.

"ಕಾಲಲ್ಲಿ ಏನು ಮಾಡಿದ್ರಿ?"

"ಗೆರೆ ಎಳೆದೆ ಸರ್. ಆಫ್ ಆಗಿದ್ದು ಆ ಕಡೆ. ನಾನು ಈ ಕಡೆ."

ಅವನು ರಸ್ತೆಯನ್ನೇ ನೋಡುತ್ತ ಹೇಳಿದ. "ಆ ಪೆನಾಲ್ಟಿ ತಪ್ಪು."

"ಗೊತ್ತು."

"ಮತ್ತೆ ಯಾಕೆ ಒಂದು ಮಾತೂ ಆಡಲಿಲ್ಲ?"

"ಆಡಿದ್ರೆ ವಾಪಸ್ ತಗೊಳ್ತಿದ್ರಾ?"

"ಇಲ್ಲ. ವಿಸಿಲ್ ಹೊಡೆದ ಮೇಲೆ ಮುಗೀತು. ಹಾಗೆ ವಾಪಸ್ ತಗೊಂಡ್ರೆ ಆಟ ನಡೆಯಲ್ಲ."

"ಮತ್ತೆ ಮಾತಾಡಿ ಉಸಿರು ಯಾಕೆ ಹಾಳು ಮಾಡ್ಲಿ ಸರ್? ಆ ಉಸಿರು ಚೆಂಡಿಗೆ ಬೇಕಿತ್ತು."

ಅವನು ಅವಳತ್ತ ತಿರುಗಿದ. "ನಿಮಗೆ ಅಲ್ಲಿಗೇ ಮುಗೀತು. ನನಗೆ ಮಾತ್ರ ಇನ್ನೂ ಹೊಟ್ಟೇಲಿ ಕಲ್ಲು ಕೂತ ಹಾಗಿದೆ."

"ನೀವೂ ಗೆರೆ ಎಳೀರಿ ಸರ್. ಪುಕ್ಕಟೆ" ಎಂದಳು ಅವಳು, ಗೇರು ಬದಲಿಸುತ್ತ. ತಾನು ತಮಾಷೆ ಮಾಡಿದೆ ಎಂಬುದು ಆಮೇಲೆ ಹೊಳೆದು, ಕಿವಿ ಬಿಸಿಯಾಯಿತು.

ಅವನು ಶೂ ಹಿಮ್ಮಡಿಯಿಂದ ಮ್ಯಾಟಿನ ಮೇಲೆ ಗೆರೆ ಎಳೆದ, ನಿಜವಾಗಿಯೂ.

'ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತವರೆಲ್ಲ ನಾನೇ ಧೈರ್ಯ ಹೇಳಬೇಕಾದವರು... ಇವಳ ಪಕ್ಕ ಕೂತರೆ ನನಗೇ ಧೈರ್ಯ ಬರುತ್ತದಲ್ಲ' ಎಂದುಕೊಂಡ.

ಅವಳಿಗೂ ಪಾಠದ ಹೊತ್ತು ಸಮೀಪಿಸಿದರೆ ಇಸ್ತ್ರಿಯ ಮೇಜಿನ ಮೇಲೆ ಕೈ ಚುರುಕಾಗುತ್ತಿತ್ತು. ಕ್ಯಾಪ್ಟನ್ ಗಮನಿಸದೆ ಬಿಡುತ್ತಾಳೆಯೇ? "ಬಟ್ಟೆ ಸುಡಬೇಡ ಕಣೇ, ಕೆನ್ನೆ ಸುಡ್ತಾ ಇರೋದು ಸಾಕು."

* * *

ಅದು ನಡೆದದ್ದು ಸಿಗ್ನಲ್ಲಿನಲ್ಲಿ. ಕೆಂಪು ದೀಪ ಇತ್ತು.

"ಒಂದು ಮಾತು ಹೇಳ್ತೀನಿ" ಎಂದ ಅವನು. "ನನಗೆ ನೀವು ಇಷ್ಟ. ಬರೀ ಮಾತಿಗಲ್ಲ, ಮದುವೆ ಆಗಬೇಕು ಅನ್ನೋ ಇಷ್ಟ. ನಿಮ್ಮ ಮನಸ್ಸಲ್ಲಿ ಏನಿದೆ?"

ಅವಳ ಎದೆಯೊಳಗೆ ಏನೆಲ್ಲ ಆಯಿತು! ಕಿವಿಯಲ್ಲಿ ಗುಂಯ್ ಎಂದಿತು, ಸ್ಟೀರಿಂಗ್ ಹಿಡಿದ ಬೆರಳು ತಣ್ಣಗಾದವು. ಇಷ್ಟು ದೊಡ್ಡದು ಅವಳ ಕಡೆಗೆ ಎಂದೂ ಬಂದಿರಲಿಲ್ಲ.

ದೊಡ್ಡದು ಬಂದಷ್ಟೂ ಮುಖ ಕಲ್ಲಾಗಬೇಕು. ಹಾಗೇ ಅಲ್ಲವೇ ಅವಳು ಕಲಿತದ್ದು?

ಮುಖ ಕಲ್ಲಾಯಿತು. ಅವಳು ಕೇಳದೆಯೇ, ತಾನಾಗಿ.

"ಹಸಿರು ಬಿತ್ತು ಸರ್" ಎಂದಳು. ಕ್ಲಚ್ ಬಿಟ್ಟಳು.

ಅವನು ಆ ಮುಖವನ್ನು ನೋಡಿದ. ಅದನ್ನು ಅವನು ಬಲ್ಲ. ಪೆನಾಲ್ಟಿಗೆ ನಿಂತ ದಿನ ತನಗೂ ಎದುರಾಳಿಗೂ ತೋರಿಸಿದ ಮುಖ. 'ಸರಿ... ಇವಳ ಲೆಕ್ಕದಲ್ಲಿ ನಾನು ಆ ಕಡೆಯವನು.' ತೀರ್ಪು ಬಂದ ಮೇಲೆ ವಾದ ಮಾಡುವವರನ್ನು ಕಂಡರೆ ಆಗದವನು, ತಾನು ವಾದ ಮಾಡುತ್ತಾನೆಯೇ?

"ಮುಂದೆ ಎಡಕ್ಕೆ ತಗೊಳ್ಳಿ" ಎಂದಷ್ಟೇ ಹೇಳಿದ.

ಮರುದಿನ ಅವಳು ರಾತ್ರಿಯೆಲ್ಲ ಕೂಡಿಸಿಟ್ಟ ಮಾತನ್ನು ಬಾಯಲ್ಲಿಟ್ಟುಕೊಂಡು ಬಂದು ಬಾಗಿಲು ತೆಗೆದರೆ, ಪಕ್ಕದ ಸೀಟಿನಲ್ಲಿ ಸ್ಕೂಲಿನ ಹಿರಿಯ ಮೇಷ್ಟ್ರು ಕೂತಿದ್ದರು.

"ಅವನು ಬೇರೆ ಬ್ಯಾಚ್ ತಗೊಂಡನಮ್ಮ. ನೀನು ಚೆನ್ನಾಗಿ ಓಡಿಸ್ತೀಯಂತೆ. ನಾನು ಒಂಚೂರು ಕಣ್ಣು ಮುಚ್ತೀನಿ, ಎದುರಿಗೆ ಲಾರಿ ಬಂದ್ರೆ ಎಬ್ಬಿಸು."

ಮೇಷ್ಟ್ರ ಗೊರಕೆಯ ನಡುವೆ ಅವಳು ಗಾಡಿ ಓಡಿಸಿದಳು. ಮ್ಯಾಟಿನ ಮೇಲೆ ಗೆರೆ ಎಳೆದಳು. ಮತ್ತೆ ಎಳೆದಳು. ಅವನು ಗೆರೆಯ ಆಚೆ ಹೋಗಲೇ ಇಲ್ಲ...

* * *

ಲೈಸೆನ್ಸ್ ಬಂತು. ವ್ಯಾನಿನ ಕೀಲಿಯನ್ನು ಯಜಮಾನಿ ಎಲ್ಲರೆದುರು ಅವಳ ಕೈಗಿಟ್ಟಳು. ಅಮ್ಮ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, ಎರಡು ಬೀದಿ ಸುತ್ತಿ, ಪರಿಚಯದವರೆಲ್ಲ ನೋಡಿದರು ಎಂದು ಖಾತ್ರಿಯಾದ ಮೇಲೇ ಇಳಿದಳು. ಲಾಂಡ್ರಿಯ ತಂಡ ಸೆಮಿಫೈನಲ್ ಗೆದ್ದು ಮೊದಲ ಬಾರಿಗೆ ಫೈನಲ್ ತಲುಪಿತು. ಹೆಮ್ಮೆಪಡುವುದಕ್ಕೆ ಎಷ್ಟೊಂದು ಇತ್ತು! ಆದರೆ ಹೇಳಿಕೊಳ್ಳಬೇಕಾದವನೇ ಇರಲಿಲ್ಲ.

ಅಭ್ಯಾಸದಲ್ಲಿ ಒಂದು ಸುಲಭದ ಗೋಲು ಹೋಯಿತು. ಬೆನ್ನ ಹಿಂದಿನಿಂದ ಬಂದ ಹುಡುಗಿಯನ್ನು ಕ್ಯಾಪ್ಟನ್ ನೋಡಿರಲಿಲ್ಲ. ಕೋಚ್ ಮೇಡಂ ಬಂದು ಗೋಲಿನಲ್ಲಿದ್ದ ಅವಳ ಮುಂದೆ ನಿಂತರು.

"ಅವಳು ಬರೋದು ನಿನಗೆ ಕಾಣಿಸ್ತಾ?"

"ಕಾಣಿಸ್ತು ಮೇಡಂ."

"ಮತ್ತೆ ಯಾಕೆ ಕೂಗಲಿಲ್ಲ? ಕ್ಯಾಪ್ಟನ್‌ಗೆ ಬೆನ್ನಲ್ಲಿ ಕಣ್ಣಿದೆಯಾ? ಎದುರಾಳಿ ಮುಂದೆ ಕಲ್ಲಾಗು ಅಂದೆ, ನಿಜ. ನಿನ್ನ ಕಡೆಯವರ ಹತ್ರಾನೂ ಕಲ್ಲಾದ್ರೆ ಅವರಿಗೆ ಹೇಗೆ ಗೊತ್ತಾಗಬೇಕು? ಅರ್ಧ ಮಾತ್ರ ಕಲ್ತಿದ್ದೀಯ ನೀನು."

ಅವಳು ಗ್ಲೌಸು ನೋಡುತ್ತ ನಿಂತಳು. ಮೇಡಂ ಆಟದ ಮಾತು ಆಡುತ್ತಿದ್ದರು. ಅವಳ ಕಣ್ಣ ಮುಂದೆ ಮಾತ್ರ ಸಿಗ್ನಲ್ಲಿನ ಕೆಂಪು ದೀಪ ನಿಂತಿತ್ತು.

ಆ ದಿನದಿಂದ ಅವಳು ಕೂಗಲು ಕಲಿತಳು. "ಬಲಕ್ಕೆ!" "ಹಿಂದೆ ಇದ್ದಾಳೆ!" ಮೊದಮೊದಲು ದನಿ ಒಡೆಯುತ್ತಿತ್ತು. ಆಮೇಲೆ ಬಯಲಿನ ಆಚೆ ತುದಿಗೂ ಕೇಳತೊಡಗಿತು.

ಫೈನಲ್‌ಗೆ ರೆಫರಿ ಅವನೇ ಎಂದು ಸುದ್ದಿ ಬಂತು. ಅವನ ಮೊದಲ ಫೈನಲ್. 'ಆಟ ಮುಗಿದ ಮೇಲೆ ಹೋಗಿ ಹೇಳಿಬಿಡುತ್ತೇನೆ' ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಅದು ಉಳಿದದ್ದು ಎರಡೇ ದಿನ. ವ್ಯಾನಿನ ಕೆಲಸ ಮುಗಿಸಿ ಅವಳು ಇಸ್ತ್ರಿ ಮಾಡುತ್ತಿದ್ದಾಗ, ಕ್ಯಾಪ್ಟನ್ ಸಪ್ಪೆ ಮುಖ ಹೊತ್ತು ಬಂದಳು.

"ನಿನ್ನ ರೆಫರಿ ಫೈನಲ್ ಬೇಡ ಅಂದ್ರಂತೆ. ಬೇರೆಯವರನ್ನ ಹಾಕಿದ್ದಾರೆ."

"ಯಾಕಂತೆ?"

"ಯಾರಿಗೆ ಗೊತ್ತು?"

ಅವಳಿಗೆ ಗೊತ್ತಾಯಿತು ಅನ್ನಿಸಿತು. 'ನಾನಿರುವ ಮೈದಾನಕ್ಕೆ ಕಾಲಿಡಲೂ ಇಷ್ಟವಿಲ್ಲ ಅವರಿಗೆ.' ಅವಳು ಹಾಸಿನ ಮೇಲೆ ಇಸ್ತ್ರಿ ಓಡಿಸುತ್ತಲೇ ಇದ್ದಳು. ಒಂದು ಹನಿ ಬಿತ್ತು, ಚುರ್ ಎಂದು ಆರಿತು.

* * *

ಫೈನಲ್ ದಿನ ಮೈದಾನದ ಗೇಟಿನಲ್ಲಿ ಫುಟ್ಬಾಲ್ ಸಂಘದ ಕಾರ್ಯದರ್ಶಿ ನಿಂತಿದ್ದರು. ನರೆತ ಮೀಸೆಯ, ಗದರಿಸಿಯೇ ಮಾತಾಡುವ ಮನುಷ್ಯ.

"ನೀನೇ ಏನಮ್ಮ ಲಾಂಡ್ರಿ ಕೀಪರು? ನಿನ್ನಿಂದ ನನಗೆ ಒಬ್ಬ ಒಳ್ಳೆ ರೆಫರಿ ಕೈತಪ್ಪಿದ."

ಅವಳ ಮುಖ ಕಲ್ಲಾಗಿಯೇ ಇತ್ತು. "ನಾನೇನು ಮಾಡ್ದೆ ಸರ್?"

"ಫೈನಲ್‌ಗೆ ಎಷ್ಟು ವರ್ಷದಿಂದ ಬಾಯಿ ಬಿಟ್ಕೊಂಡು ಕಾಯ್ತಿದ್ದ ಹುಡುಗ. ಕೊಟ್ಟಾಗ ಬೇಡ ಅಂದ. ಯಾಕಪ್ಪಾ ಅಂದ್ರೆ, 'ಸರ್, ಆ ಕೀಪರ್ ಗೋಲು ಬಿಡಬಾರದು ಅಂತ ನನ್ನ ಮನಸ್ಸು ಬೇಡ್ತಿದೆ. ಅಂಥವನು ವಿಸಿಲ್ ಹಿಡೀಬಾರದು' ಅಂದ. ಜ್ವರ ಅಂತ ಒಂದು ಸುಳ್ಳು ಹೇಳಿದ್ರೆ ಆಗ್ತಿತ್ತು. ಮುಖ ನೋಡಿ ನಿಜ ಹೇಳಿದ."

ಅವಳು ಒಂದು ಹೆಜ್ಜೆ ಅವರ ಹತ್ತಿರ ಬಂದಳು.

"ಈಗ... ಎಲ್ಲಿದ್ದಾರೆ?"

"ಮೇಲೆ ಗ್ಯಾಲರೀಲಿ. ಪಾಸ್ ಕೊಡ್ತೀನಿ ಅಂದ್ರೂ ಕೇಳದೆ ಟಿಕೆಟ್ ತಗೊಂಡು ಕೂತಿದ್ದಾನೆ, ಪೆದ್ದ."

ಅವಳ ಎದೆ ತುಂಬಿ ಬಂತು. ಅದು ಅಳುವಲ್ಲ, ನಗುವೂ ಅಲ್ಲ. ಅವನ ಬಗ್ಗೆ ಹೆಮ್ಮೆ! ತನಗಾಗಿ ಬಿಟ್ಟುಕೊಟ್ಟ ಎಂದಲ್ಲ. ಆಟ ನ್ಯಾಯವಾಗಿರಲಿ ಎಂದು ತನ್ನ ಆಸೆಯನ್ನೇ ಪಕ್ಕಕ್ಕಿಟ್ಟ ಎಂದು. ಇಂಥವನಿಗೆ ತಾನು 'ಹಸಿರು ಬಿತ್ತು ಸರ್' ಎಂದಿದ್ದಳಲ್ಲ...

ಓಡಿ ಮೇಲೆ ಹತ್ತಬೇಕೆನಿಸಿತು. ಆದರೆ ಒಳಗೆ ತಂಡ ಕಾಯುತ್ತಿತ್ತು. ಒಂದು ಉಸಿರು. 'ಮೊದಲು ಇದು.' ಅವಳು ಗ್ಲೌಸು ತೊಟ್ಟಳು.

ಅಂದು ಗ್ಯಾಲರಿಯವರು ಮೊದಲ ಬಾರಿಗೆ ಗೋಡೆಯ ದನಿ ಕೇಳಿದರು. "ಎಡಕ್ಕೆ!" "ನನ್ನದು, ಬಿಡು!" ಎದುರಾಳಿಗಳು ಅಲೆಯಂತೆ ಬಂದರು. ಅವಳು ಹಾರಿ, ಮುಷ್ಟಿಯಿಂದ ಗುದ್ದಿ, ಅವರ ಕಾಲ ಬುಡಕ್ಕೆ ಬಿದ್ದು, ಎಲ್ಲವನ್ನೂ ತಡೆದಳು.

ಆಟ ಮುಗಿಯುವ ಹೊತ್ತಿಗೆ ಪಕ್ಕಕ್ಕೆ ಹೊರಟಿದ್ದ ಒಂದು ಚೆಂಡು ಕ್ಯಾಪ್ಟನ್ ಮೊಣಕಾಲಿಗೆ ಬಡಿದು, ದಿಕ್ಕು ತಪ್ಪಿ, ಗೋಲಿನೊಳಗೆ ಉರುಳಿತು.

ತಮ್ಮವಳೇ ಹೊಡೆದ ಗೋಲು. ಕ್ಯಾಪ್ಟನ್ ಮಂಡಿಯೂರಿ ಮುಖ ಮುಚ್ಚಿಕೊಂಡಳು. ಜಗತ್ತಿನಲ್ಲಿ ಯಾರ ಬಾಯಿಗೂ ಹೆದರದವಳು ಮಗುವಿನಂತೆ ಬಿಕ್ಕಿದಳು.

"ಏಳೇ."

"ನಾನೇ ಹೊಡ್ಕೊಂಡೆ ಕಣೇ... ನಾನೇ..."

"ಹೂಂ, ಹೊಡೆದೆ. ಗೆರೆ ಎಳಿ." ಅವಳು ಗೆಳತಿಯ ತೋಳು ಹಿಡಿದು ಎಬ್ಬಿಸಿದಳು. "ಎಳಿ ಅಂದ್ನಲ್ಲ. ಅದು ಆ ಕಡೆ ಹೋಯ್ತು. ನೀನು ಈ ಕಡೆ ಬೇಕು ನನಗೆ."

ಕ್ಯಾಪ್ಟನ್ ಮೂಗು ಒರೆಸಿಕೊಂಡು ಗೆರೆ ಎಳೆದಳು. ಉಳಿದ ಹೊತ್ತೆಲ್ಲ ಹುಲಿಯಂತೆ ಓಡಿದಳು. ಆದರೂ ಗೋಲು ಬರಲಿಲ್ಲ. ಲಾಂಡ್ರಿಯ ತಂಡ ಸೋತಿತು.

ಸೋತ ತಂಡ ಹೊರಗೆ ನಡೆಯುವಾಗ ಗ್ಯಾಲರಿಯಲ್ಲಿ ಮೊದಲು ಒಬ್ಬರು ಎದ್ದರು, ಆಮೇಲೆ ಸಾಲಾಗಿ ಎಲ್ಲರೂ ಎದ್ದರು. ಸೋಪು ಕೇಳಿದ ಬಾಯಿಗಳು ಅಂದು ಚಪ್ಪಾಳೆಯ ಸದ್ದಿನಲ್ಲಿ ಮುಚ್ಚಿಹೋದವು.

* * *

ಅವಳು ಹಾಗೇ ಮಣ್ಣು ಮೆತ್ತಿದ ಮೈಯಲ್ಲೇ ಗ್ಯಾಲರಿಯ ಮೆಟ್ಟಿಲು ಹತ್ತಿದಳು. ಅವನು ಎದ್ದು ನಿಂತ. ಅವನ ಒಂದು ಕೈಯನ್ನು ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನೋಡಿದರೆ... ಅಮ್ಮ!

"ಬಾ ಮಗಳೇ" ಎಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತ. "ಈ ಹುಡುಗ ಯಾರೋ ಪುಣ್ಯಾತ್ಮ. ಚೆಂಡು ನಿನ್ನ ಹತ್ರ ಬಂದಾಗೆಲ್ಲ ನಾನು ಕಣ್ಣು ಮುಚ್ತಿದ್ದೆ. ಏನಾಯ್ತಪ್ಪ ಅಂದ್ರೆ, 'ತಡೆದ್ರು ಅಮ್ಮ, ತಡೆದ್ರು' ಅಂತ ಹೇಳ್ತಾನೇ ಇದ್ದ. ಅವನ ಕೈ ನನ್ನ ಕೈಗಿಂತ ಜಾಸ್ತಿ ನಡುಗ್ತಿತ್ತು ಪಾಪ."

ಅವನು ಮೆಲ್ಲಗೆ ಹೇಳಿದ. "ಸೋತಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನೀವು..."

"ಅದು ಆಗಿಹೋಯ್ತು ಸರ್. ನಾನು ಬೇರೆ ಮಾತಿಗೆ ಬಂದೆ. ಅವತ್ತು ಸಿಗ್ನಲ್ಲಲ್ಲಿ ನೀವು ಕೇಳಿದ್ರಿ. ನಾನು ಉತ್ತರ ಕೊಡಲಿಲ್ಲ."

"ಕೊಟ್ರಲ್ಲ. ಮುಖದಲ್ಲಿ."

"ಅದು ಉತ್ತರ ಅಲ್ಲ, ಹೆದರಿಕೆ. ಹೆದರಿಕೆ ಜಾಸ್ತಿ ಆದಷ್ಟೂ ನನ್ನ ಮುಖ ಕಲ್ಲಾಗುತ್ತೆ. ಎದುರಾಳಿ ಮುಂದೆ ಅದು ಸರಿ. ನಿಮ್ಮ ಮುಂದೆ ತಪ್ಪಾಯ್ತು." ಅವಳ ದನಿ ನಡುಗಿತು, ಆದರೆ ನಿಲ್ಲಲಿಲ್ಲ. "ನೀವು ನಮ್ಮ ಕಡೆಯವರು. ನಮ್ಮ ಕಡೆಯವರಿಗೆ ಕೂಗಿ ಹೇಳಬೇಕಂತೆ."

"ಹೇಳಿ ಮತ್ತೆ."

ಅವಳು ಹೇಳಿದಳು, ಗೋಲಿನಲ್ಲಿ ನಿಂತು ಕೂಗುವ ಅದೇ ದನಿಯಲ್ಲಿ. "ನನಗೂ ನೀವು ಇಷ್ಟ. ಮದುವೆಗೂ ಒಪ್ಪಿಗೆ."

ಮುಂದಿನ ಸಾಲುಗಳೆಲ್ಲ ತಿರುಗಿ ನೋಡಿದವು. ಅವಳ ಕೆನ್ನೆಯ ಮಣ್ಣಿನ ಮೇಲೆ ಕಣ್ಣೀರು ದಾರಿ ಮಾಡಿಕೊಂಡು ಇಳಿಯುತ್ತಿತ್ತು, ತುಟಿ ನಗುತ್ತಿತ್ತು. ಆ ಮುಖದಲ್ಲಿ ಇಷ್ಟೆಲ್ಲ ಇರಬಹುದೆಂದು ಅವನು ಊಹಿಸಿಯೂ ಇರಲಿಲ್ಲ.

ಅಮ್ಮ ತನ್ನ ಕೈಯಲ್ಲಿದ್ದ ಕೈಯನ್ನು ನೋಡಿದಳು, ಅವನ ಮುಖ ನೋಡಿದಳು. "ಅಂದ್ರೆ, ಇಷ್ಟೊತ್ತು ನಾನು ಹಿಡ್ಕೊಂಡು ಕೂತಿದ್ದು ಅಳಿಯನ ಕೈಯಾ?" ಎಂದವಳು, ನಾಚಿ ಬಿಟ್ಟುಬಿಡುವ ಬದಲು ಆ ಕೈಯನ್ನು ಮಗಳ ಮಣ್ಣಿನ ಗ್ಲೌಸಿಗೆ ದಾಟಿಸಿ, ನೀರು ತರುವ ನೆಪದಲ್ಲಿ ಎದ್ದು ಹೋದಳು.

ಇಬ್ಬರೂ ಕೂತರು. ಕೆಳಗೆ ಮೈದಾನ ಖಾಲಿಯಾಗುತ್ತಿತ್ತು.

"ಇನ್ನು ನಿಮ್ಮ ತಂಡದ ಒಂದು ಮ್ಯಾಚಿಗೂ ನಾನು ವಿಸಿಲ್ ಹಿಡಿಯೋ ಹಾಗಿಲ್ಲ" ಎಂದ ಅವನು.

"ಬೇಜಾರಾ?"

"ಬೆಳಗ್ಗೆ ಇತ್ತು. ಆಮೇಲೆ ಹಿಂದಿನ ಸಾಲಿನವರು 'ಆ ಕೀಪರ್ ಯಾರ ಕಡೆಯವಳಪ್ಪಾ, ಇಷ್ಟು ಚೆನ್ನಾಗಿ ಆಡ್ತಾಳೆ' ಅಂತ ಕೇಳಿದ್ರು. ಹೇಳೋಣ ಅಂದ್ರೆ ನನಗೆ ಹಕ್ಕಿರಲಿಲ್ಲ. ಬೇಜಾರಾಗಿದ್ದು ಆಗಲೇ."

"ಮುಂದಿನ ಸಲ ಕೇಳಿದ್ರೆ?"

"ನಮ್ಮವಳು ಅಂತೀನಿ."

"ಜೋರಾಗಿ ಹೇಳಿ" ಎಂದಳು ಅವಳು, ತಲೆಯನ್ನು ಅವನ ಭುಜಕ್ಕೆ ಒರಗಿಸುತ್ತ. "ಅಲ್ಲಿ ಕೆಳಗೆ, ಗೋಲ್ ಹತ್ರ, ನನಗೂ ಕೇಳಿಸಬೇಕು."